ಒಂದೇ ಕಾಂಟ್ರಾ, ಹಲವು ಪೆಟ್ಟಿಗೆ: ಮೆಚ್ಚಿನ ಆಟವನ್ನು ಬೇರೆ ಬೇರೆ ರೂಪದಲ್ಲಿ ಆಡುವುದು ಹೇಗೆ?

ಪ್ರತಿ ಬೇಸಿಗೆ ರಜೆಗೂ ಇದೇ ಪ್ರಶ್ನೆ. "ಚಿಕ್ಕವನಿದ್ದಾಗ ಆಡಿದ ಕಾಂಟ್ರಾ ಮತ್ತೆ ಆಡಬೇಕು ಅಂತ ಹಾಕಿಕೊಂಡೆ, ಆದರೆ ಏನೋ ಬೇರೆ ಅನಿಸ್ತದೆ. ಆಟ ಸಿಕ್ಕಾಪಟ್ಟೆ ಓಡ್ತದೆ. ನಮ್ಮದು ಡೂಪ್ಲಿಕೇಟ್ ಇತ್ತೇನ್ರೀ?" ಬಾಗಲಕೋಟೆ ನವನಗರದವರು ಕೇಳಿದ್ದಾರೆ, ಬೆಳಗಾವಿ ಟಿಳಕವಾಡಿಯವರು ಕೇಳಿದ್ದಾರೆ, ನಮ್ಮ ವಿಜಯಪುರದವರಂತೂ ಗಾಂಧಿ ಚೌಕದಲ್ಲಿ ಚಹಾ ಕುಡಿಯುವಾಗಲೂ ಬಿಡುವುದಿಲ್ಲ. ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು. ಎಲ್ಲಾ ಇಲ್ಲೇ ಬರೆದಿದ್ದೇನೆ.

ಡೂಪ್ಲಿಕೇಟ್ ಡಬ್ಬಿ ಹೌದು. ಆದರೆ ನಿಮ್ಮ ನೆನಪು ಸುಳ್ಳಲ್ಲ. ಕಾಂಟ್ರಾ, ಅಂದರೆ ಓಡುತ್ತಾ ಜಿಗಿಯುತ್ತಾ ಗುಂಡು ಹೊಡೆಯುವ ಆ ಹಳೆ ವಿಡಿಯೋ ಗೇಮ್, ಒಂದು ಆಟ ಅಲ್ಲ, ಒಂದು ಮನೆತನ. ಒಂದೊಂದು ಯಂತ್ರದಲ್ಲಿ ಒಂದೊಂದು ಥರ ಇದೆ. "ಯಾವುದು ಅಸಲಿ" ಅಂತ ಹುಡುಕುತ್ತಾ ಕೂತರೆ ಆಟದ ಮಜಾ ಹೋಗುತ್ತದೆ. ಯಾವ ಯಂತ್ರಕ್ಕೆ ಏನು ಆಗಲಿಲ್ಲ, ಅದಕ್ಕೆ ಆಟ ಮಾಡಿದವರು ಏನು ದಾರಿ ಹುಡುಕಿದರು ಅಂತ ನೋಡುತ್ತಾ ಆಡಿದರೆ ಒಂದೇ ಆಟ ನಾಲ್ಕು ಸಲ ಹೊಸದಾಗುತ್ತದೆ.

ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳೋಣ. ಪೋರ್ಟ್ ಅಂದರೆ ಒಂದು ಯಂತ್ರಕ್ಕೆ ಮಾಡಿದ ಆಟವನ್ನು ಇನ್ನೊಂದು ಯಂತ್ರಕ್ಕೆ ಹೊಂದಿಸಿ ಕಟ್ಟುವುದು. ಅಪ್ಪನ ಪ್ಯಾಂಟನ್ನು ಟೇಲರ್ ಹತ್ತಿರ ಕೊಟ್ಟು ಮಗನಿಗೆ ಹೊಲಿಸಿದ ಹಾಗೆ. ಬಟ್ಟೆ ಅದೇ, ಆದರೆ ಎಲ್ಲೋ ಕತ್ತರಿಸಬೇಕು, ಎಲ್ಲೋ ಮಡಚಬೇಕು. ಆರ್ಕೇಡ್ ಅಂದರೆ ನಾಣ್ಯ ಹಾಕಿ ನಿಂತುಕೊಂಡು ಆಡುವ ದೊಡ್ಡ ಪೆಟ್ಟಿಗೆ. ಫ್ಯಾಮಿಕಾಮ್ ಅಂದರೆ ನಿಂಟೆಂಡೊ ಜಪಾನಿನಲ್ಲಿ ಮಾರಿದ ಮನೆಯ ಯಂತ್ರ, ಅದೇ ಯಂತ್ರ ಅಮೆರಿಕಕ್ಕೆ ಹೋಗಿ ಎನ್‌ಇಎಸ್ ಆಯಿತು. ನಾವು "ವಿಡಿಯೋ ಗೇಮ್" ಅಂತ ಕರೆಯುತ್ತಿದ್ದ ಡಬ್ಬಿ, ಸಮುರಾಯ್ ಇರಲಿ, ಲಿಟಲ್ ಮಾಸ್ಟರ್ ಇರಲಿ, ಹೆಸರೇ ಇಲ್ಲದ್ದಿರಲಿ, ಇದೇ ಫ್ಯಾಮಿಕಾಮಿನ ಜಾತಿಯದು. ರೀಮೇಕ್ ಬೇರೆ. ಅದು ಹೊಸದಾಗಿ ಮೊದಲಿಂದ ಮಾಡಿದ್ದು. 2024ರಲ್ಲಿ ಬಂದ ಕಾಂಟ್ರಾ: ಆಪರೇಷನ್ ಗಲೂಗ ರೀಮೇಕ್, ಪೋರ್ಟ್ ಅಲ್ಲ.

ಹಂತ 1: ನಿಮ್ಮದು ಯಾವ ಕಾಂಟ್ರಾ ಇತ್ತು, ಪತ್ತೆ ಹಚ್ಚಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹೋಲಿಸಲು ಒಂದು ಗುರುತು ಬೇಕಲ್ವಾ? ಕಣ್ಣು ಮುಚ್ಚಿ ಮೊದಲ ಸ್ಟೇಜ್ ನೆನಪಿಸಿಕೊಳ್ಳಿ. ಕಾಡು, ಕಾಲಿಟ್ಟ ಕೂಡಲೇ ಸಿಡಿಯುವ ಸೇತುವೆ, ಕೊನೆಗೆ ತೋಪುಗಳಿರುವ ಗೋಡೆ.

ಹಿಂದಿನ ಗಿಡಮರದ ಎಲೆ ಅಲ್ಲಾಡುತ್ತಿತ್ತಾ? ಒಂದು ಸ್ಟೇಜ್ ಮುಗಿದ ಮೇಲೆ ದ್ವೀಪದ ನಕ್ಷೆ ಬರುತ್ತಿತ್ತಾ? ಹಿಮದ ಸ್ಟೇಜಿನಲ್ಲಿ ಹಿಮ ಉದುರುತ್ತಿತ್ತಾ? ಹೌದಾದರೆ ನಿಮ್ಮ ಕ್ಯಾಸೆಟ್ಟಿನಲ್ಲಿದ್ದದ್ದು ಜಪಾನಿನ ಫ್ಯಾಮಿಕಾಮ್ ಆವೃತ್ತಿ. ಇಲ್ಲವಾದರೆ ಅಮೆರಿಕದ ಎನ್‌ಇಎಸ್ ಆವೃತ್ತಿ. ಮನುಷ್ಯರ ಬದಲು ರೋಬೋಟ್ ಓಡುತ್ತಿದ್ದರೆ ಅದು ಯುರೋಪಿನದು. ಮೆನುವಿನಲ್ಲಿ ಒಂದೇ ಕಾಂಟ್ರಾ ಹತ್ತು ಸಲ ಬರೆದು, ಒಂದರಲ್ಲಿ 30 ಲೈಫ್, ಇನ್ನೊಂದರಲ್ಲಿ ನೇರ ಐದನೇ ಸ್ಟೇಜ್ ಕೊಟ್ಟಿದ್ದರೆ ಅದು ಕಳ್ಳ ಕ್ಯಾಸೆಟ್ ಮಾಡಿದವರ ಕೈಚಳಕ. ಕಾಂಟ್ರಾ ಮಾಡಿದ ಕಂಪನಿ ಕೊನಾಮಿಯವರಿಗೆ ಅದು ಗೊತ್ತೂ ಇಲ್ಲ.

ಇನ್ನು ವೇಗದ ವಿಷಯ. ಇದೇ ದೊಡ್ಡ ಪ್ರಶ್ನೆ, ಸ್ವಲ್ಪ ನಿಂತು ಓದಿ. ಜಪಾನ್ ಮತ್ತು ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿತ್ತು. ನಮ್ಮ ದೇಶದ ಹಳೆ ಟಿವಿ ಪಾಲ್ ಪದ್ಧತಿಯದು, ಸೆಕೆಂಡಿಗೆ 50 ಸಲ. ಈ ಆಟಗಳು ಗಡಿಯಾರ ನೋಡಿ ಓಡುವುದಿಲ್ಲ, ಟಿವಿಯ ಚಿತ್ರ ಎಣಿಸಿ ಓಡುತ್ತವೆ. ಒಂದು ಚಿತ್ರಕ್ಕೆ ಒಂದು ಹೆಜ್ಜೆ. ಹಾಗಾಗಿ ನಮ್ಮ ಟಿವಿಗೆ ಹೊಂದುವಂತೆ ಮಾಡಿದ ಡಬ್ಬಿಗಳಲ್ಲಿ ಆಟ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತಿತ್ತು. ಅಲ್ಲಿ 60 ಸೆಕೆಂಡಿಗೆ ಮುಗಿಯುವುದು ಇಲ್ಲಿ 72 ಸೆಕೆಂಡು. ಸಂಗೀತವೂ ಅಷ್ಟೇ ನಿಧಾನ. ಗುಂಡು ನಿಧಾನ ಬರುತ್ತಿತ್ತು, ತಪ್ಪಿಸಿಕೊಳ್ಳಲು ಪುರಸೊತ್ತು ಇರುತ್ತಿತ್ತು. ಈಗ ಹೊಸ ಯಂತ್ರದಲ್ಲಿ 60ರ ವೇಗದಲ್ಲಿ ಹಾಕಿದರೆ "ವಯಸ್ಸಾಯ್ತು, ಕೈ ಓಡ್ತಿಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತೀರಿ. ವಯಸ್ಸಾಗಿದ್ದೂ ಖರೆ. ಆದರೆ ಆಟವೂ ಜೋರಾಗಿದೆ.

ಹಂತ 2: ಆಟ ಎಲ್ಲಿಂದ ತರುವುದು

ಸುಲಭದ ದಾರಿ ಒಂದೇ. 2019ರಲ್ಲಿ ಕೊನಾಮಿ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಅಂತ ಒಂದು ಕಟ್ಟು ಬಿಟ್ಟಿದೆ. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ನಿಂಟೆಂಡೊ ಸ್ವಿಚ್, ಕಂಪ್ಯೂಟರ್, ನಾಲ್ಕಕ್ಕೂ ಇದೆ. ಆರ್ಕೇಡ್, ಫ್ಯಾಮಿಕಾಮ್, ಎನ್‌ಇಎಸ್, ಮೂರೂ ಕಾಂಟ್ರಾ ಒಂದೇ ಕಡೆ ಸಿಗುತ್ತವೆ. ನಮ್ಮ ಕೆಲಸಕ್ಕೆ ಇಷ್ಟು ಸಾಕು. ಹಳೆಯ ಆಟ, ಭಾರಿ ಕಂಪ್ಯೂಟರ್ ಏನೂ ಬೇಡ. ಆಗಾಗ ರಿಯಾಯಿತಿಯಲ್ಲಿ ಬರುತ್ತದೆ, ಅವಸರ ಇಲ್ಲದಿದ್ದರೆ ಕಾಯಿರಿ.

ಇಲ್ಲಿ ಎಲ್ಲರೂ ಎಡವುವ ಜಾಗ ಹೆಸರುಗಳದ್ದು. ಕಟ್ಟಿನೊಳಗೆ "ಸೂಪರ್ ಕಾಂಟ್ರಾ" ಮತ್ತು "ಸೂಪರ್ ಸಿ" ಅಂತ ಎರಡು ಕಾಣುತ್ತವೆ. ಅವು ಎರಡನೇ ಭಾಗದ ಆರ್ಕೇಡ್ ಮತ್ತು ಮನೆ ರೂಪಗಳು, ನಮ್ಮ ಕಾಂಟ್ರಾ ಅಲ್ಲ. "ಆಪರೇಷನ್ ಸಿ" ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್‌ಗೆ ಅಂತ ಮಾಡಿದ ಬೇರೆಯೇ ಆಟ. "ಪ್ರೊಬೊಟೆಕ್ಟರ್" ಅಂತ ಇರುವುದು ಇನ್ನೂ ಮೋಸ. ಆ ಹೆಸರಿನಲ್ಲಿ ಯುರೋಪಿನಲ್ಲಿ ನಮ್ಮ ಕಾಂಟ್ರಾವೂ ಬಂದಿತ್ತು, ಆದರೆ ಈ ಕಟ್ಟಿನಲ್ಲಿರುವುದು ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರದ ಹಾರ್ಡ್ ಕೋರ್ ಆಟದ ಯುರೋಪ್ ರೂಪ. ಬರೀ "ಕಾಂಟ್ರಾ" ಅಂತ ಇರುವ ಮೂರನ್ನು ಮಾತ್ರ ಮುಟ್ಟಿ. ಉಳಿದವು ಆಮೇಲೆ.

ಬಜಾರಿನಲ್ಲಿ "ಸಾವಿರ ಆಟ" ಅಂತ ಬರೆದ ಚಿಕ್ಕ ಡಬ್ಬಿಗಳು ಸಿಗುತ್ತವೆ. ಬೆಳಗಾವಿಗೆ ಹೋದಾಗ ನಾನೂ ಒಂದು ತಂದಿದ್ದೆ. ಅದೇ ಆಟಗಳು ಹೆಸರು ಬದಲಿಸಿ ಸುತ್ತಿ ಸುತ್ತಿ ಬರುತ್ತಿದ್ದವು, ಸಂಗೀತ ಕೇಳಿದರೆ ಹರಿದ ಸ್ಪೀಕರಿನಲ್ಲಿ ಭಜನೆ ಹಾಕಿದ ಹಾಗಿತ್ತು. ಮಕ್ಕಳಿಗೆ ಆಟಿಕೆ ಅಂತ ಕೊಡಿಸಿ. ಹೋಲಿಸಿ ನೋಡಲು ಅದು ಬೇಡ.

ಹಂತ 3: ಟಿವಿ ಮತ್ತು ಆಟದ ರಿಮೋಟ್ ಸರಿ ಮಾಡಿ

ಟಿವಿಯಲ್ಲಿ "ಗೇಮ್ ಮೋಡ್" ಹುಡುಕಿ ಆನ್ ಮಾಡಿ. ಹೊಸ ಟಿವಿಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುತ್ತವೆ, ಅಷ್ಟರಲ್ಲಿ ನೀವು ಒತ್ತಿದ ಗುಂಡಿ ತಡವಾಗುತ್ತದೆ. ಕಾಂಟ್ರಾದಲ್ಲಿ ಒಂದು ಗುಂಡು ತಗುಲಿದರೆ ಒಂದು ಲೈಫ್ ಹೋಯಿತು. ಆ ಒಂದು ಕ್ಷಣ ತುಂಬಾ ದುಬಾರಿ. ಆಟ ಹಾಕಿ ಸುಮ್ನೆ ಜಿಗಿಯುತ್ತಾ ನೋಡಿ. ಬೆರಳು ಮತ್ತು ಕಾಲು ಒಟ್ಟಿಗೆ ಏಳಬೇಕು. ಇಲ್ಲಾಂದರೆ ಗೇಮ್ ಮೋಡ್ ಆಗಿಲ್ಲ, ಅಥವಾ ಬ್ಲೂಟೂತ್ ರಿಮೋಟ್ ಕಾಟ ಕೊಡುತ್ತಿದೆ. ವೈರ್ ಇರುವುದನ್ನೇ ಹಾಕಿ.

ಚಿತ್ರ ಎಳೆದು ಟಿವಿ ತುಂಬಾ ಹರಡಬೇಡಿ. ಮನೆಯ ಹಳೆ ಟಿವಿಯ ಅಳತೆ 4:3. ಎರಡು ಬದಿ ಕಪ್ಪು ಪಟ್ಟಿ ಬಂದರೆ ಬರಲಿ. "ದುಡ್ಡು ಕೊಟ್ಟು ದೊಡ್ಡ ಟಿವಿ ತಂದು ಅರ್ಧ ಕಪ್ಪು ನೋಡಬೇಕಾ?" ಅಂತ ಮನೆಯಲ್ಲಿ ಕೇಳುತ್ತಾರೆ. ಕೇಳಲಿ. ಎಳೆದರೆ ಆಟದ ನಾಯಕರಾದ ಬಿಲ್ ಮತ್ತು ಲ್ಯಾನ್ಸ್ ಇಬ್ಬರೂ ಬಡಿದ ರೊಟ್ಟಿ ಹಾಗೆ ಅಗಲವಾಗುತ್ತಾರೆ.

ಹಂತ 4: ಎನ್‌ಇಎಸ್ ರೂಪ, ಕೈಗೆ ಪಾಠ ಆಗುವ ತನಕ

ಆರ್ಕೇಡ್ ಮೊದಲು ಬಂದಿದ್ದು, 1987ರಲ್ಲಿ. ಫ್ಯಾಮಿಕಾಮ್, ಎನ್‌ಇಎಸ್ ಎರಡೂ 1988ರಲ್ಲಿ. ಆದರೂ ಆರ್ಕೇಡಿನಿಂದ ಶುರು ಮಾಡಬೇಡಿ. ಅದು ಮಗ್ಗುಲಿಗೆ ಬಿಡದ ಎತ್ತು, ಹತ್ತು ನಿಮಿಷದಲ್ಲಿ ಮನಸ್ಸು ಮುರಿಯುತ್ತದೆ. ಒಂದು ರೂಪ ಬೆರಳಿಗೆ ಬಾಯಿಪಾಠ ಆಗಿದ್ದರೆ ಮಾತ್ರ ಇನ್ನೊಂದರ ವ್ಯತ್ಯಾಸ ತಿಳಿಯುತ್ತದೆ. ಎನ್‌ಇಎಸ್‌ನಲ್ಲಿ ಮೊದಲ ಮೂರು ಸ್ಟೇಜ್, ಅಂದರೆ ಕಾಡು, ಮೊದಲ ಬೇಸ್, ಜಲಪಾತ, ಯೋಚನೆ ಮಾಡದೆ ದಾಟುವಷ್ಟು ಆಡಿ. ವಾರ ಹತ್ತು ದಿನ ಬೇಕು. ದಿನಾ ಅರ್ಧ ತಾಸು ಸಾಕು.

30 ಲೈಫಿನ ಕೋಡ್ ನಿಮಗೆ ಗೊತ್ತೇ ಇದೆ: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಸ್ಟಾರ್ಟ್. ಇಬ್ಬರು ಆಡುವುದಾದರೆ ಸ್ಟಾರ್ಟಿಗೆ ಮೊದಲು ಸೆಲೆಕ್ಟ್. ಇದು ಕಾಂಟ್ರಾಗೆ ಅಂತ ಹುಟ್ಟಿದ್ದಲ್ಲ. 1986ರಲ್ಲಿ ಗ್ರೇಡಿಯಸ್ ಆಟವನ್ನು ಫ್ಯಾಮಿಕಾಮಿಗೆ ಪೋರ್ಟ್ ಮಾಡುವಾಗ ಕಜುಹಿಸಾ ಹಶಿಮೊಟೊ ಅನ್ನುವವರಿಗೆ ತಾವು ಮಾಡಿದ ಆಟ ತಮಗೇ ಕಷ್ಟ ಆಯಿತಂತೆ, ಪರೀಕ್ಷೆ ಮಾಡಲು ಅಂತ ಹಾಕಿಕೊಂಡ ಕೋಡ್ ಒಳಗೇ ಉಳಿಯಿತು. ನಮ್ಮ ಓಣಿಯಲ್ಲಿ ಈ ಕೋಡ್ ಗೊತ್ತಿದ್ದವನಿಗೆ ಸಿಗುತ್ತಿದ್ದ ಮರ್ಯಾದೆ ಮೇಷ್ಟ್ರಿಗೂ ಸಿಗುತ್ತಿರಲಿಲ್ಲ.

ಕೋಡ್ ಹತ್ತುತ್ತಿಲ್ಲ ಅಂತ ದೂರುವವರು ಇಲ್ಲಿ ನೋಡಿ. ಹೊಸ ರಿಮೋಟಿನಲ್ಲಿ ಎ, ಬಿ ಅಂತ ಬರೆದ ಗುಂಡಿಗಳ ಜಾಗ ಬೇರೆ ಇರುತ್ತದೆ. ಅಕ್ಷರ ನೋಡಬೇಡಿ. ಹಳೆಯ ರಿಮೋಟಿನಲ್ಲಿ ಬಿ ಅಂದರೆ ಗುಂಡು ಹೊಡೆಯುವುದು, ಎ ಅಂದರೆ ಜಿಗಿಯುವುದು. ಈಗಿನ ರಿಮೋಟಿನಲ್ಲಿ ಯಾವ ಗುಂಡಿ ಗುಂಡು ಹೊಡೆಯುತ್ತದೋ ಅದು ಮೊದಲು, ಜಿಗಿಯುವುದು ಆಮೇಲೆ. ಆದರೆ ನನ್ನ ಮಾತು ಕೇಳಿದರೆ ಕಲಿಯುವಾಗ ಕೋಡ್ ಬೇಡ. 30 ಲೈಫ್ ಇದ್ದರೆ ಕೈ ಸೋಮಾರಿಯಾಗುತ್ತದೆ.

ಜಾಸ್ತಿ ಶತ್ರುಗಳು ಬಂದಾಗ ಚಿತ್ರ ಮಿಣಮಿಣ ಮಿನುಗುತ್ತದೆ. ಟಿವಿ ಹಾಳಾಗಿಲ್ಲ. ಪರದೆಯ ಮೇಲೆ ಓಡಾಡುವ ಚಿಕ್ಕ ಚಿತ್ರದ ತುಣುಕಿಗೆ ಸ್ಪ್ರೈಟ್ ಅನ್ನುತ್ತಾರೆ. ಈ ಯಂತ್ರ ಒಂದು ಅಡ್ಡ ಗೆರೆಯಲ್ಲಿ 8 ಸ್ಪ್ರೈಟ್ ಮಾತ್ರ ತೋರಿಸಬಲ್ಲದು. ಒಂಬತ್ತನೆಯದು ಬಂದರೆ ಆಟವೇ ಸರದಿ ಪ್ರಕಾರ ಒಂದೊಂದನ್ನು ಮರೆ ಮಾಡುತ್ತಾ ತೋರಿಸುತ್ತದೆ. ಎಸ್ ಗನ್ ಹಿಡಿದು ಐದು ಗುಂಡು ಬಿಡುತ್ತಾ ಇದ್ದಾಗ ಗಮನಿಸಿ, ಚೆನ್ನಾಗಿ ಕಾಣುತ್ತದೆ.

ಇಬ್ಬರು ಆಡುವಾಗ ಜಲಪಾತದ ಸ್ಟೇಜಿನಲ್ಲಿ ಎಚ್ಚರ. ಒಬ್ಬ ಅವಸರದಿಂದ ಮೇಲೆ ಹತ್ತಿದರೆ ಪರದೆ ಮೇಲೆ ಸರಿದು ಕೆಳಗಿನವನು ಸಾಯುತ್ತಾನೆ. ಅಣ್ಣತಮ್ಮಂದಿರ ನಡುವೆ ಮಾತು ಬಿಟ್ಟಿದ್ದು ಇದೇ ಸ್ಟೇಜಿನಿಂದ.

ಹಂತ 5: ಫ್ಯಾಮಿಕಾಮ್ ರೂಪ, ಮರುದಿನವೇ

ಎನ್‌ಇಎಸ್ ನೆನಪು ಬಿಸಿಯಾಗಿರುವಾಗಲೇ ಇದನ್ನು ಹಾಕಿ. ಆಟ ಹೆಚ್ಚುಕಮ್ಮಿ ಅದೇ. ಶುರುವಿನಲ್ಲಿ ಕತೆ ಬರುತ್ತದೆ, ಸ್ಟೇಜುಗಳ ನಡುವೆ ಗಲೂಗ ದ್ವೀಪಗಳ ನಕ್ಷೆ ಬರುತ್ತದೆ. ಮೊದಲ ಸ್ಟೇಜಿನಲ್ಲಿ ಗುಂಡು ಹೊಡೆಯದೆ ನಿಂತು ಹಿಂದಿನ ಎಲೆಗಳನ್ನು ನೋಡಿ. ಅಲ್ಲಾಡುತ್ತವೆ. ಮೂವತ್ತು ವರ್ಷ ಎನ್‌ಇಎಸ್ ರೂಪ ಆಡಿದವರು ಇದನ್ನು ಕಂಡು ಮುಖ ಸಣ್ಣದು ಮಾಡಿಕೊಳ್ಳುವುದನ್ನು ನೋಡಿದ್ದೇನೆ.

ಒಂದೇ ಯಂತ್ರ, ಮತ್ತೆ ಅಮೆರಿಕದವರಿಗೆ ಎಲೆ ಯಾಕೆ ಅಲ್ಲಾಡಲಿಲ್ಲ? ಕಾರಣ ಕ್ಯಾಸೆಟ್ಟಿನ ಹೊಟ್ಟೆಯಲ್ಲಿದೆ. ಜಪಾನಿನಲ್ಲಿ ಕೊನಾಮಿ ತನ್ನದೇ ವಿಆರ್‌ಸಿ2 ಅನ್ನುವ ಚಿಪ್ಪನ್ನು ಕ್ಯಾಸೆಟ್ಟಿನೊಳಗೆ ಹಾಕುತ್ತಿತ್ತು. ಚಿತ್ರದ ತುಣುಕುಗಳನ್ನು ಸರಸರ ಬದಲಿಸಿ ಎಲೆ ಅಲ್ಲಾಡಿಸುವ ಕೆಲಸಕ್ಕೆ ಅದು ಒದಗುತ್ತಿತ್ತು. ಅಮೆರಿಕದಲ್ಲಿ ಕ್ಯಾಸೆಟ್ ತಯಾರಿ ನಿಂಟೆಂಡೊ ಕೈಯಲ್ಲಿತ್ತು, ಹೊರಗಿನವರ ಚಿಪ್ಪಿಗೆ ಜಾಗ ಇರಲಿಲ್ಲ. ಆಟವನ್ನು ಸಾದಾ ಬೋರ್ಡಿಗೆ ಇಳಿಸಿದರು, ಎಲೆ ನಿಂತಿತು, ಹಿಮ ನಿಂತಿತು, ನಕ್ಷೆ ಹೋಯಿತು. ಕತೆಯೂ ಬದಲಾಯಿತು. ಜಪಾನಿನ ಕತೆ ನಡೆಯುವುದು 2633ರಲ್ಲಿ, ನ್ಯೂಜಿಲೆಂಡ್ ಹತ್ತಿರದ ದ್ವೀಪದಲ್ಲಿ. ಅಮೆರಿಕದ ಕೈಪಿಡಿಯಲ್ಲಿ ಅದು ಆ ಕಾಲದ್ದೇ ಅಮೆಜಾನ್ ಕಾಡಿನ ಕತೆ.

ನನ್ನನ್ನು ಕೇಳಿದರೆ ಮೂರರಲ್ಲಿ ಇದೇ ಉತ್ತಮ. ವಾದಕ್ಕೆ ಬರುವವರು ಬರಲಿ.

ಹಂತ 6: ಈಗ ಆರ್ಕೇಡ್

ಹಾಕಿದ ಕೂಡಲೇ ಗಾಬರಿ ಬೇಡ, ಪರದೆ ನಿಂತಿದೆ. ಅಂದರೆ ಉದ್ದಕ್ಕೆ, ಬಾಗಿಲ ಹಾಗೆ. ಆ ಪೆಟ್ಟಿಗೆಯಲ್ಲಿ ಟಿವಿಯನ್ನು ನಿಲ್ಲಿಸಿ ಕೂರಿಸಿದ್ದರು. ಬಲಕ್ಕೆ ಓಡುವ ಆಟಕ್ಕೆ ಎತ್ತರದ ಪರದೆ! ಮುಂದೆ ಏನು ಬರುತ್ತದೆ ಅಂತ ಕಾಣುವ ಜಾಗ ಕಡಿಮೆ. ಎನ್‌ಇಎಸ್‌ನಲ್ಲಿ ಕಲಿತ ಓಟ ಇಲ್ಲಿ ನಡೆಯದು, ಎರಡು ಹೆಜ್ಜೆ, ನಿಲ್ಲು, ಹೊಡೆ, ಮತ್ತೆ ಎರಡು ಹೆಜ್ಜೆ. ಜಲಪಾತದ ಸ್ಟೇಜಿಗೆ ಮಾತ್ರ ಈ ಪರದೆ ಹೇಳಿ ಮಾಡಿಸಿದ ಹಾಗಿದೆ.

ಬೇಸ್ ಸ್ಟೇಜುಗಳಲ್ಲಿ, ಅಂದರೆ ಬೆನ್ನ ಹಿಂದಿನಿಂದ ನೋಡುತ್ತಾ ಗೋಡೆ ಒಡೆಯುತ್ತಾ ಹೋಗುವಲ್ಲಿ, ಇಲ್ಲಿ ಸಮಯದ ಲೆಕ್ಕ ಇದೆ. ನಿಧಾನ ಮಾಡಿದರೆ ಕೆಟ್ಟಿರಿ. ಮನೆಯ ರೂಪದಲ್ಲಿ ಆ ಕಾಟ ತೆಗೆದಿದ್ದಾರೆ. ಇನ್ನೊಂದು ಮಜಾ ಕೊನೆಯಲ್ಲಿದೆ. ಎನ್‌ಇಎಸ್‌ನಲ್ಲಿ ಹಿಮ, ಎನರ್ಜಿ ಜೋನ್, ಹ್ಯಾಂಗರ್, ಏಲಿಯನ್ ಗುಹೆ ಅಂತ ನಾಲ್ಕು ಬೇರೆ ಬೇರೆ ಸ್ಟೇಜು. ಆರ್ಕೇಡಿನಲ್ಲಿ ಅವು ಗಿಡ್ಡ, ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ನಾಣ್ಯದ ಪೆಟ್ಟಿಗೆಗೆ ಬೇಗ ಮುಗಿಸಿ ಮುಂದಿನವನನ್ನು ಕರೆಯುವ ಅವಸರ. ಮನೆಗೆ ಕ್ಯಾಸೆಟ್ ಕೊಂಡವನಿಗೆ ಅಷ್ಟರಲ್ಲಿ ಮುಗಿದರೆ ಹೊಟ್ಟೆ ಉರಿಯುತ್ತದೆ, ಅದಕ್ಕೆ ಹಿಗ್ಗಿಸಿದರು. ಅಪ್ಪನ ಪ್ಯಾಂಟು ಅಂದೆನಲ್ಲ, ಇಲ್ಲಿ ಟೇಲರ್ ಬಟ್ಟೆ ಸೇರಿಸಿ ಹೊಲಿದಿದ್ದಾನೆ.

ಧ್ವನಿ ಜೋರು ಮಾಡಿ ಆಡಿ. ಬಣ್ಣ ಜಾಸ್ತಿ, ಸಂಗೀತ ದಪ್ಪ. ಆದರೂ ಒಂದು ಗಂಟೆ ಆದ ಮೇಲೆ ಕೈ ತಾನಾಗಿ ಫ್ಯಾಮಿಕಾಮ್ ಕಡೆ ಹೋಗುತ್ತದೆ. ಓಡಿ ಜಿಗಿಯುವ ಹದ ಅಲ್ಲಿ ಚೆನ್ನಾಗಿದೆ. ಬಡ ಯಂತ್ರದ ಪೋರ್ಟ್ ಮೂಲವನ್ನೇ ಮೀರಿಸಿದ್ದು ಅಪರೂಪ, ಕಾಂಟ್ರಾದಲ್ಲಿ ಆಗಿದೆ.

ಇಲ್ಲಿ ಸೇವ್ ಬಳಸಿ, ನಾಚಿಕೆ ಬೇಡ. ಹಳೆಯ ಕ್ಯಾಸೆಟ್ಟಿನಲ್ಲಿ ಸೇವ್ ಇಲ್ಲ, ಪಾಸ್‌ವರ್ಡೂ ಇಲ್ಲ. ಏಳನೇ ಸ್ಟೇಜಿಗೆ ಕರೆಂಟ್ ಹೋದರೆ ಮತ್ತೆ ಕಾಡಿನಿಂದ. ಕಲೆಕ್ಷನ್ನಿನಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಉಳಿಸಬಹುದು. ನಮ್ಮ ಕಡೆ ಬೇಸಿಗೆಯ ಕರೆಂಟಿನ ಕತೆ ನಿಮಗೆ ಹೇಳಬೇಕಾ?

ಹಂತ 7: ಉಳಿದ ನೆಂಟರು

ಯುರೋಪಿನ ಎನ್‌ಇಎಸ್ ರೂಪ 1990ರ ಪ್ರೊಬೊಟೆಕ್ಟರ್. ಜರ್ಮನಿಯಲ್ಲಿ ಹಿಂಸೆಯ ಆಟಗಳ ಮೇಲೆ ಬಿಗಿ ಇದ್ದದ್ದಕ್ಕೆ ಮನುಷ್ಯರನ್ನೆಲ್ಲ ರೋಬೋಟ್ ಮಾಡಿದರು. ಸ್ಟೇಜು ಅವೇ.

ಎಂಎಸ್‌ಎಕ್ಸ್2 ಅನ್ನುವ ಕಂಪ್ಯೂಟರಿನ ರೂಪ ತುಂಬಾ ವಿಚಿತ್ರ, ನನಗೆ ತುಂಬಾ ಇಷ್ಟ. ಆ ಯಂತ್ರದ ಚಿತ್ರದ ಚಿಪ್ಪಿಗೆ ಮೇಲೆ ಕೆಳಗೆ ಸರಿಸಲು ಬರುತ್ತಿತ್ತು, ಅಡ್ಡ ಸರಿಸಲು ಬರುತ್ತಿರಲಿಲ್ಲ. ಅಡ್ಡಕ್ಕೇ ಓಡುವ ಆಟವನ್ನು ಅದರಲ್ಲಿ ಹೇಗೆ ಮಾಡುವುದು? ಪುಟ ತಿರುವಿದ ಹಾಗೆ ಮಾಡಿದರು. ಪರದೆಯ ಅಂಚಿಗೆ ಹೋದರೆ ಟಪ್ ಅಂತ ಮುಂದಿನ ಚಿತ್ರ. ಇಬ್ಬರು ಆಡುವ ಹಾಗಿಲ್ಲ. ಆದರೆ ಸ್ಟೇಜು ಮಾತ್ರ ಬೇರೆಲ್ಲಕ್ಕಿಂತ ಜಾಸ್ತಿ. ಇದು ಕಲೆಕ್ಷನ್ನಿನಲ್ಲಿ ಇಲ್ಲ. ಆಡಿದವರ ವಿಡಿಯೋ ನೋಡಿದರೂ ಅಂದಾಜು ಸಿಗುತ್ತದೆ.

ನಿಧಾನದ ಆ ಹಳೆ ವೇಗವೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಎಮ್ಯುಲೇಟರ್, ಅಂದರೆ ಕಂಪ್ಯೂಟರಿನೊಳಗೆ ಹಳೆ ಯಂತ್ರದ ವೇಷ ಹಾಕುವ ಸಾಫ್ಟ್‌ವೇರ್, ಅದರಲ್ಲಿ ಕೆಲವಕ್ಕೆ "ಡೆಂಡಿ" ಅಂತ ಒಂದು ಆಯ್ಕೆ ಇರುತ್ತದೆ. ಡೆಂಡಿ ರಷ್ಯಾದಲ್ಲಿ 1992ರಲ್ಲಿ ಬಂದ ಫ್ಯಾಮಿಕಾಮ್ ನಕಲು, 50ರ ವೇಗದ್ದು. ನಮ್ಮ ಹಾಗೆ ಅಲ್ಲಿನ ಹುಡುಗರೂ ನಿಧಾನದ ಕಾಂಟ್ರಾ ಆಡಿ ಬೆಳೆದವರು. ಆಟದ ಫೈಲನ್ನು ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವುದು ಮಾತ್ರ ಕಾನೂನಿಗೆ ವಿರುದ್ಧ. ವೈರಸ್ ಉಚಿತ.

ಅಟ್ಟದ ಮೇಲೆ ಹಳೆ ಡಬ್ಬಿ ಇದ್ದರೆ

ಇಳಿಸಿ. ಆದರೆ ಅವಸರ ಮಾಡಿ ಸಿಕ್ಕ ಅಡಾಪ್ಟರ್ ಚುಚ್ಚಬೇಡಿ. ಡಬ್ಬಿಯ ಕೆಳಗೆ ಎಷ್ಟು ವೋಲ್ಟ್ ಅಂತ ಬರೆದಿರುತ್ತದೆ, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅಂತ ಚಿಕ್ಕ ಚಿತ್ರವೂ ಇರುತ್ತದೆ. ಈ ಜಾತಿಯ ಯಂತ್ರಗಳಲ್ಲಿ ನಡುವೆ ಮೈನಸ್ ಇರುವುದುಂಟು, ಈಗಿನ ಬಹಳ ಅಡಾಪ್ಟರುಗಳಲ್ಲಿ ಪ್ಲಸ್. ತಪ್ಪಿದರೆ ಹೊಗೆ. ಗೊತ್ತಾಗದಿದ್ದರೆ ರೇಡಿಯೋ ಟಿವಿ ರಿಪೇರಿ ಮಾಡುವ ಕಾಕಾ ಯಾರಾದರೂ ಇದ್ದರೆ ತೋರಿಸಿ, ಅವರಿಗೆ ಎರಡು ನಿಮಿಷದ ಕೆಲಸ.

ಕ್ಯಾಸೆಟ್ಟಿಗೆ ಬಾಯಿಂದ ಉಫ್ ಅಂತ ಊದಬೇಡಿ. ನಾವೆಲ್ಲ ಊದಿದವರೇ. ಆದರೆ ಉಸಿರಿನ ತೇವ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ತಂದು ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಹಲ್ಲುಗಳನ್ನು ಒರೆಸಿ, ಪೂರ್ತಿ ಒಣಗಲು ಬಿಡಿ. ಹೊರಗಿನಿಂದ ಅಮೆರಿಕದ ಕ್ಯಾಸೆಟ್ ತರಿಸುವ ಯೋಚನೆ ಇದ್ದರೆ ನಿಲ್ಲಿ. ಅದಕ್ಕೆ 72 ಪಿನ್, ನಮ್ಮ ಡಬ್ಬಿಗೆ 60. ಕೂರುವುದಿಲ್ಲ.

ಹಳದಿ ಪಿನ್ನಿನ ವೈರ್ ಇದ್ದರೆ ಆಂಟೆನಾ ವೈರ್ ಬಿಟ್ಟು ಅದನ್ನೇ ಹಾಕಿ. ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಕನ್ವರ್ಟರ್ ಕೈಗೂ ಕಣ್ಣಿಗೂ ನಡುವೆ ತಡ ಮಾಡುತ್ತದೆ, ನನ್ನದಂತೂ ಮೊದಲ ಸೇತುವೆಗೇ ಮೂರೂ ಲೈಫ್ ತಿಂದಿತು. ಮನೆಯಲ್ಲಿ ಹಳೆ ಡಬ್ಬಾ ಟಿವಿ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ, ಇದಕ್ಕೆ ಅದೇ ಬೇಕು. ಚಿತ್ರ ಬಂತಾ? ಹಾಗಾದರೆ ಸ್ಟಾರ್ಟ್ ಒತ್ತಿ, ಕಾಡಿನಲ್ಲಿ ಇಳಿದ ಕೂಡಲೇ ಒಂದು ಕ್ಷಣ ಸುಮ್ನೆ ನಿಲ್ಲಿ, ಎಲೆ ಅಲ್ಲಾಡುತ್ತಿದೆಯಾ ನೋಡಿ.